ಪಟ್ಟಿಯ ಹನ್ನೊಂದನೆಯ ಹೆಸರು

ಮಸ್ಕಟೀನ್, ಅಯೋವಾ
೧೯ ಮಾರ್ಚ್ ೨೦೧೯, ಮಂಗಳವಾರ, ಮಧ್ಯಾಹ್ನ ಒಂದೂಕಾಲು

ಪ್ರಿಯ ಡ್ವೇನ್,

ಶ್ರೀಮತಿ ಟೀಡ್‌ಮನ್ ಊಟ ಮಾಡಿ ಮಲಗಿದ್ದಾರೆ. ಅವರು ಏಳುವವರೆಗೆ ಒಂದೂವರೆ ಗಂಟೆ ನನ್ನದು. ಅವರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎರಡು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕುಳಿತರೆ ಏಳುವುದಕ್ಕೆ ಮೇಜಿನ ಅಂಚು ಹಿಡಿಯಬೇಕಾಗಿತ್ತು.

ನಿನ್ನ ಫೆಬ್ರವರಿಯ ಕಾಗದಕ್ಕೆ ಉತ್ತರಿಸಲು ತಡಮಾಡಿದೆ. ನನ್ನ ಬೆನ್ನಿನ ಸುದ್ದಿಯನ್ನು ಮಗಳು ಜೋಲೀನ್ ನಿನಗೆ ತಿಳಿಸಿದ್ದಳು. ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಬರ್ಲಿಂಗ್ಟನ್‌ಗೆ ವಾಪಸು ಬಾ, ಶುಕ್ರವಾರ ಕೋರ್ಟಿಗೆ ಹೋಗಿ ಮತ್ತೆ ಮದುವೆಯಾಗೋಣ, ಸೋಮವಾರ ಕಾರ್ಖಾನೆಯ ವಿಮೆಯಲ್ಲಿ ನಿನ್ನ ಹೆಸರು ಸೇರಿಸುತ್ತೇನೆ, ನಮ್ಮ ಬೀದಿಯ ಕೊನೆಯಲ್ಲೇ ಒಬ್ಬ ಕೈರೊಪ್ರಾಕ್ಟರ್ ಇದ್ದಾನೆ, ಒಂದು ತಿಂಗಳಲ್ಲಿ ಬೆನ್ನುಮೂಳೆ ಸರಿ ಕೂಡಿಸಿಬಿಡುತ್ತಾನೆ ಎಂದಿದ್ದೆ. ಈ ಉಪಕಾರದ ಮಾತನ್ನು ಮುಂದೆಂದೂ ಎತ್ತುವುದಿಲ್ಲ ಎಂದೂ ಸೇರಿಸಿದ್ದೆ. ಆ ಕೊನೆಯ ಮಾತನ್ನು ನೀನು ಮನಸ್ಸಿನಿಂದಲೇ ಬರೆದಿದ್ದೀಯೆ ಎಂದು ನಂಬುತ್ತೇನೆ.

ನೀನು ಕೇಳದೆ ಇದ್ದ ಒಂದು ವಿಷಯವನ್ನು ಮೊದಲು ಹೇಳುತ್ತೇನೆ. ವಿಚ್ಛೇದನದ ಜೊತೆಗೆ ನಿನ್ನ ವಿಮೆಯೂ ಹೋಯಿತಲ್ಲ, ಆಮೇಲೆ ನಾನು ತೆಗೆದುಕೊಂಡದ್ದು ಬಡವರ ಚಿಕಿತ್ಸೆಗೆಂದು ಸರ್ಕಾರ ಕೊಡುವ ವಿಮೆಯ ಕಾರ್ಡು. ನಿನ್ನ ಬೌಲಿಂಗ್ ಗೆಳೆಯರು ನಗುತ್ತಿದ್ದರಲ್ಲ, ಅದೇ. ನಿನಗೆ ತಿಳಿಯಬಾರದೆಂದು ಜೋಲೀನ್‌ಗೂ ಹೇಳಿರಲಿಲ್ಲ.

ಬೆನ್ನು ಕೆಟ್ಟದ್ದು ಜನವರಿಯಲ್ಲಿ. ಶ್ರೀಮತಿ ಟೀಡ್‌ಮನ್‌ಗೆ ತೊಂಬತ್ತೊಂದು ವರ್ಷ. ಬೆಳಿಗ್ಗೆ ಹಾಸಿಗೆಯಿಂದ ಗಾಲಿಕುರ್ಚಿಗೆ, ಮಧ್ಯಾಹ್ನ ಮತ್ತೆ ಹಾಸಿಗೆಗೆ ಅವರನ್ನು ಎತ್ತಿ ಕೂರಿಸುವುದೇ ನನ್ನ ಕೆಲಸದ ಮುಖ್ಯ ಭಾಗ. ಒಂದು ದಿನ ಎತ್ತುವಾಗ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಬಿಸಿ ತಂತಿ ಎಳೆದ ಹಾಗಾಯಿತು. ನಾನು ಅವರನ್ನು ಬೀಳಿಸಲಿಲ್ಲ, ಆದರೆ ಇಬ್ಬರೂ ಮೆಲ್ಲಗೆ ಜಾರಿ ನೆಲದ ಮೇಲೆ ಕುಳಿತೆವು. ಮತ್ತೆ ಎದ್ದದ್ದು ನಲವತ್ತು ನಿಮಿಷದ ಮೇಲೆ. ನಾನು ಅಳುವ ಸ್ಥಿತಿಯಲ್ಲಿದ್ದೆ. ಅವರು ನನ್ನ ಮೊಣಕೈ ತಟ್ಟಿ, "ನನ್ ಮಗಳಿಗೆ ಹೇಳ್ಬೇಡ ಲವಾನ್. ನಾವಿಬ್ರೂ ಪಿಕ್ನಿಕ್‌ಗೆ ಬಂದಿದೀವಿ ಅಂದ್ಕೊ, ಸ್ಯಾಂಡ್‌ವಿಚ್ ಮರ್ತು ಬಂದಿದೀವಿ ಅಷ್ಟೆ" ಎಂದರು.

ನನಗೆ ಸಂಬಳ ಕೊಡುವ ಆ ಮಗಳಿಗೆ ಇಬ್ಬರೂ ಹೇಳಲಿಲ್ಲ. ಆದರೆ ಇನ್ನೊಮ್ಮೆ ಹಾಗಾದರೆ ಅವರ ಸೊಂಟದ ಮೂಳೆ ಮುರಿಯುತ್ತದೆ, ನನ್ನ ಕೆಲಸ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಕೆಲಸ ಹೋದರೆ ಈ ಊರಿನ ಬಾಡಿಗೆ ಮನೆಯೂ ಇಲ್ಲ. ಆಗ ನನಗೆ ಉಳಿಯುವ ದಾರಿ ನಿನ್ನ ಕಾಗದ ಒಂದೇ.

ಕಾರ್ಡಿನ ಕಚೇರಿಯವರು ಅದನ್ನು ಒಪ್ಪುವ ಕೈರೊಪ್ರಾಕ್ಟರ್‌ಗಳ ಪಟ್ಟಿಯೊಂದನ್ನು ಅಂಚೆಯಲ್ಲಿ ಕಳಿಸಿದರು. ಹನ್ನೊಂದು ಹೆಸರು. ಈ ವಿದ್ಯೆ ಹುಟ್ಟಿದ ಡ್ಯಾವೆನ್‌ಪೋರ್ಟ್ ನಮ್ಮಿಂದ ಅರ್ಧ ಗಂಟೆಯ ದಾರಿ. ಬೀದಿಗೊಬ್ಬ ಬೆನ್ನಿನ ಡಾಕ್ಟರು ಇರುವ ಸೀಮೆಯಲ್ಲಿ ಒಬ್ಬರು ಸಿಗದೆ ಇರುತ್ತಾರೆಯೇ ಎಂದುಕೊಂಡೆ. ಮೊದಲ ಕಡೆ ಹುಡುಗಿಯೊಬ್ಬಳು ತುಂಬ ನಯವಾಗಿ ಮಾತನಾಡಿದಳು. ನೋವು ಎಲ್ಲಿ, ಎಷ್ಟು ದಿನದಿಂದ, ಗುರುವಾರ ಹತ್ತಕ್ಕೆ ಆಗುತ್ತದೆಯೇ ಎಂದೆಲ್ಲ ಕೇಳಿದಳು. ಯಾವ ವಿಮೆ ಎಂಬುದನ್ನು ಹೇಳಿದೆ. "ಅಯ್ಯೋ, ಅದನ್ನ ನಾವೀಗ ತಗೊಳ್ತಿಲ್ಲ ಮೇಡಂ" ಎಂದಳು, ಗುರುವಾರ ಹತ್ತು ಗಂಟೆ ಅಲ್ಲಿಗೇ ಮುಗಿಯಿತು. ಎರಡು ನಂಬರು ಸತ್ತಿದ್ದವು. ಇನ್ನೊಂದು, ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ. ಅಲ್ಲಿಯವನು, "ಬೆನ್ನು ನಾವೂ ಉಜ್ತೀವಿ, ಆದ್ರೆ ನಾಲ್ಕು ಕಾಲಿರ್ಬೇಕು" ಎಂದ. ಉಳಿದವರು ಹೊಸ ರೋಗಿಗಳು ಬೇಡ ಎಂದರು, ಅಥವಾ ವಾಪಸು ಕರೆಯುತ್ತೇವೆ ಎಂದರು. ಕರೆಯಲಿಲ್ಲ. ಹತ್ತು ಹೆಸರಿಗೆ ಒಂಬತ್ತು ದಿನ ಹಿಡಿಯಿತು. ಶ್ರೀಮತಿ ಟೀಡ್‌ಮನ್ ನಿದ್ದೆ ಮಾಡುವಾಗ ಮಾತ್ರ ನನಗೆ ಬಿಡುವು. ಅದೇ ಹೊತ್ತಿಗೆ ಆ ಕಚೇರಿಗಳಿಗೂ ಊಟದ ಬಿಡುವು.

ಹನ್ನೊಂದನೆಯ ಹೆಸರು ವಾಪೆಲೊ ಊರಿನ ಡಾಕ್ಟರ್ ವೆಸೆಲ್ ಎಂಬುವವರದು. ಫೋನೆತ್ತಿದ್ದು ವಯಸ್ಸಾದ ಒಬ್ಬ ಹೆಂಗಸು. ನಾನು ಕಾರ್ಡು, ಬೆನ್ನು, ಎಡಗಾಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಮ್ಮೆಜಮಾನ್ರು ತೀರ್ಕೊಂಡು ಮೂರು ವರ್ಷ ಆಯ್ತಮ್ಮ. ಸರ್ಕಾರದ ಪಟ್ಟೀಲಿ ಮಾತ್ರ ಇನ್ನೂ ಹೊಸ ರೋಗಿಗಳನ್ನ ತಗೋತಿದಾರೆ."

ನಾನು ಕ್ಷಮೆ ಕೇಳಿ ಇಡಲು ಹೋದೆ. "ಇಡ್ಬೇಡ, ಇಡ್ಬೇಡ. ಎಲ್ರೂ ಹಿಂಗೇ ಇಟ್ಬಿಡ್ತಾರೆ. ಪೆನ್ಸಿಲ್ ತಗೊ" ಎಂದರು.

ಆಕೆಯ ಹೆಸರು ನೆಡ್ರಾ ವೆಸೆಲ್. ಗಂಡನ ದವಾಖಾನೆಗೂ ಮನೆಗೂ ಒಂದೇ ನಂಬರಂತೆ. ಸತ್ತ ಮೇಲೂ ಕರೆಗಳು ನಿಲ್ಲಲಿಲ್ಲ. ಹೆಸರು ತೆಗೆಯಿರಿ ಎಂದು ನಾಲ್ಕು ಸಲ ಬರೆದರೂ ತೆಗೆಯಲಿಲ್ಲ. ಮೊದಮೊದಲು 'ಅವರಿಲ್ಲ' ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಒಂದು ದಿನ ಯಾರೋ ಗಂಡಸು ಅದನ್ನು ಕೇಳಿ ಅತ್ತುಬಿಟ್ಟನಂತೆ, ಸತ್ತವರಿಗಾಗಿ ಅಲ್ಲ, ಅವನ ಪಟ್ಟಿಯಲ್ಲಿ ಅದೇ ಕೊನೆಯ ಹೆಸರಾಗಿತ್ತು. ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಆಕೆಯೇ ಸುತ್ತಮುತ್ತಲಿನ ಐದು ಕೌಂಟಿಗಳ ಡಾಕ್ಟರುಗಳಿಗೆಲ್ಲ ಫೋನು ಮಾಡಿ, ಯಾರು ನಿಜವಾಗಿ ಕಾರ್ಡು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ ಚರ್ಚಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕುತ್ತಾರೆ. ಈ ತಿಂಗಳು ಮೂರು ಗುರುತು. ಒಬ್ಬನ ಕೈ ಐಸು, ಬೇಡ ಎಂದರು. ಇನ್ನೊಬ್ಬ ರೋಗಿಯನ್ನು ಮಲಗಿಸಿಕೊಂಡು ಉಪದೇಶ ಮಾಡುತ್ತಾನೆ, "ಬೆನ್ನು ನೆಟ್ಟಗಾದ್ರೂ ತಲೆ ಕೆಡುತ್ತೆ." ಮೂರನೆಯವಳು ಕೊಲಂಬಸ್ ಜಂಕ್ಷನ್‌ನ ಡಾಕ್ಟರ್ ರೆನಾಟಾ ಇಬಾರಾ. "ಚಿಕ್ಕ ಹುಡುಗಿ. ಆದ್ರೆ ನಮ್ಮೆಜಮಾನ್ರು ಇದ್ದಿದ್ರೆ ಅವಳ ಹತ್ರಾನೇ ಕಳಿಸ್ತಿದ್ರು. ನನ್ ಹೆಸರು ಹೇಳು."

ಮಾರನೆಯ ದಿನವೇ ಸಂಜೆ ಕೆಲಸ ಮುಗಿಸಿ ಹೋದೆ. ಅಲ್ಲಿ ಕಾರ್ಡನ್ನು ಪರ್ಸಿನಿಂದ ಅರ್ಧ ಮಾತ್ರ ಹೊರಗೆಳೆದು, ಅಂಗೈಯಿಂದ ಮುಚ್ಚಿಕೊಂಡು ತೋರಿಸಿದೆ. ಹೆಸರು ಬರೆದುಕೊಳ್ಳಲು ಮುಂದೆ ಕುಳಿತಿದ್ದ ಹೆಂಗಸು ಅದನ್ನು ಪೂರ್ತಿ ಎಳೆದುಕೊಂಡು, "ಇಲ್ಲಿರೋರೆಲ್ಲರ ಹತ್ರಾನೂ ಇದೇ ಇರೋದು. ಯಾಕೆ ಇಸ್ಪೀಟೆಲೆ ಥರ ಮುಚ್ಕೊಂಡಿದೀರ?" ಎಂದಳು. ಕಾಯುವ ಕೋಣೆಯಲ್ಲಿ ಮಾಂಸದ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಏಳೆಂಟು ಜನ ಕುಳಿತಿದ್ದರು, ಎಲ್ಲರೂ ಒಂದೇ ಕಡೆಗೆ ವಾಲಿಕೊಂಡು. ನಾನೂ ಅವರ ಹಾಗೆಯೇ ವಾಲಿ ಕುಳಿತೆ.

ಡಾಕ್ಟರು ನಿಜಕ್ಕೂ ಚಿಕ್ಕವಳು, ನನ್ನ ಭುಜದಷ್ಟು ಎತ್ತರ. ನನ್ನನ್ನು ಒಂದು ಮಗ್ಗುಲಿಗೆ ಮಲಗಿಸಿ, "ಉಸಿರು ಬಿಡಿ. ಪೂರ್ತಿ. ಹಿಡ್ಕೊಂಡಿದ್ರೆ ಯಾರೂ ಬಹುಮಾನ ಕೊಡಲ್ಲ" ಎಂದಳು. ಬಿಟ್ಟೆ. ಒಳಗೆ ಏನೋ ಲಟಕ್ಕೆಂದಿತು. ಎದ್ದು ನಿಂತಾಗ ಎಡ ಹಿಮ್ಮಡಿ ನೆಲಕ್ಕೆ ತಾಕಿತು. ಎರಡು ತಿಂಗಳಿಂದ ಅದು ತಾಕಿರಲಿಲ್ಲ. ಇದುವರೆಗೆ ನಾಲ್ಕು ಸಲ ಹೋಗಿದ್ದೇನೆ, ಇನ್ನೂ ಎಂಟು ಸಲ ಹೋಗಬೇಕು. ಎತ್ತುವಾಗ ಶ್ರೀಮತಿ ಟೀಡ್‌ಮನ್ ಅವರ ಸೊಂಟಕ್ಕೆ ಕಟ್ಟುವ ಬೆಲ್ಟನ್ನು ಹೇಗೆ ಹಿಡಿಯಬೇಕೆಂದು ಆಕೆಯೇ ತೋರಿಸಿಕೊಟ್ಟಳು. ಇಂದು ಬೆಳಿಗ್ಗೆ ಶ್ರೀಮತಿ ಟೀಡ್‌ಮನ್ ಕುರ್ಚಿಗೆ ಬಂದ ಮೇಲೆ, "ಇವತ್ತು ನನ್ನನ್ನ ಮೊಟ್ಟೆ ಎತ್ತಿದ ಹಾಗೆ ಎತ್ತಿದೆ" ಎಂದರು.

ಆದ್ದರಿಂದ ಕೋರ್ಟಿಗೆ ನಾನು ಬರುವುದಿಲ್ಲ, ಡ್ವೇನ್.

ನೀನು ಕೆಟ್ಟವನೆಂದು ಎಂದೂ ಯಾರಿಗೂ ಹೇಳಿಲ್ಲ. ನಿನ್ನಷ್ಟು ಜನಕ್ಕೆ ಒದಗುವವರು ಕಡಿಮೆ. ಆದರೆ ನನ್ನ ಕಾರಿಗೆ ನೀನು ಹೀಟರ್ ಹಾಕಿಸಿದ ಚಳಿಗಾಲ ನೆನಪಿದೆಯೇ? ಅದನ್ನು ನೀನು ಚರ್ಚಿನಲ್ಲಿ ಹೇಳಿದೆ, ನನ್ನ ತಮ್ಮನಿಗೆ ಹೇಳಿದೆ, ಏಪ್ರಿಲ್‌ವರೆಗೆ ನಾನು ಕಾರು ಹತ್ತಿದಾಗಲೆಲ್ಲ "ಬೆಚ್ಚಗಿದೆಯಾ?" ಎಂದು ಕೇಳಿದೆ. ಬೆಚ್ಚಗೇ ಇತ್ತು. ಪ್ರತಿ ಸಲ ಹೌದು ಎನ್ನುವುದೇ ನನ್ನಿಂದ ಆಗುತ್ತಿರಲಿಲ್ಲ. ಬೆನ್ನಿನ ವಿಷಯದಲ್ಲೂ ಹಾಗೆ ಬದುಕಬೇಕಾಗಿದ್ದರೆ ನಾನು ನಿನ್ನನ್ನು ದ್ವೇಷಿಸತೊಡಗುತ್ತಿದ್ದೆ. ಇದುವರೆಗೆ ದ್ವೇಷಿಸಿಲ್ಲ, ಅದನ್ನು ಹಾಳುಮಾಡಿಕೊಳ್ಳಲು ಇಷ್ಟವಿಲ್ಲ.

ಒಳಗೆ ಶ್ರೀಮತಿ ಟೀಡ್‌ಮನ್ ಗಂಟೆ ಬಾರಿಸುತ್ತಿದ್ದಾರೆ. ಅವರನ್ನು ಎತ್ತಬೇಕು.

ಕ್ಷೇಮದಿಂದಿರು,
ಲವಾನ್

ಮರೆತ ಮಾತು: ಇದಕ್ಕಿಂತ ಮೊದಲು ನಿನಗೆ ಇನ್ನೊಂದು ಕಾಗದ ಬರೆದಿದ್ದೆ. "ಬರುತ್ತೇನೆ. ಶನಿವಾರ ಬಂದು ಕರೆದುಕೊಂಡು ಹೋಗು." ಎರಡೇ ಸಾಲು. ಅಂಚೆಚೀಟಿ ಅಂಟಿಸಿ ಆಗಿತ್ತು. ಹನ್ನೊಂದನೆಯ ನಂಬರಿನಲ್ಲಿ ಯಾರೂ ಫೋನೆತ್ತದಿದ್ದರೆ ಅಂದು ಸಂಜೆ ಡಬ್ಬಕ್ಕೆ ಹಾಕುವವಳಿದ್ದೆ. ಅದನ್ನು ಬರೆದದ್ದು ನಾನಲ್ಲ, ನನ್ನ ಸೊಂಟ. ಹಾಗೆಂದು ಅದರಲ್ಲಿದ್ದದ್ದೆಲ್ಲ ಸುಳ್ಳೂ ಅಲ್ಲ. ಈಗ ನಿನ್ನ ಮನೆಯಲ್ಲಿ ನನಗೆ ಬೇಕಾದದ್ದು ಏನೂ ಇಲ್ಲವಾದ್ದರಿಂದ, ಈಸ್ಟರ್ ಕಳೆದ ಮುಂದಿನ ಭಾನುವಾರ ಊಟಕ್ಕೆ ಬರಬೇಕೆಂದು ತೀರ್ಮಾನಿಸಿದ್ದೇನೆ. ಸಂಜೆ ನನ್ನ ಕಾರಿನಲ್ಲೇ ವಾಪಸು. ಶ್ರೀಮತಿ ಟೀಡ್‌ಮನ್ ಅವರ ಮಗಳ ಹತ್ತಿರ ಆ ದಿನದ ರಜೆ ಇನ್ನೂ ಕೇಳಿಲ್ಲ.