ನಾಲ್ಕನೇ ಟ್ಯಾಂಕಿನ ವಾಸನೆ

ಬಾಟಲಿ ತೊಳೆಯುವ ಕೋಣೆಯ ಪಕ್ಕದಿಂದ,
ಮಂಗಳವಾರ, ಹನ್ನೊಂದನೇ ತಾರೀಕು, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀಯೋ, ಈಗಲೂ ಕೈ ಬೀಸಿಕೊಂಡೇ ಹತ್ತುತ್ತೀಯೋ? ಭಾವ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ಟೀ ಬಿಟ್ಟು ಬೇರೇನೂ ಕುಡಿಯದ ಆ ಪುಣ್ಯಾತ್ಮ ನಮ್ಮಿಬ್ಬರ ಹುಚ್ಚಿಗಾಗಿ ನಾಲ್ಕು ವರ್ಷ ಬಚ್ಚಲಲ್ಲಿ ಬಿಯರ್ ಡ್ರಮ್ಮಿನ ಪಕ್ಕ ಮೈ ಮುದುರಿಕೊಂಡು ಸ್ನಾನ ಮಾಡಿದರಲ್ಲ, ಅವರ ತಾಳ್ಮೆಗೆ ಯಾರೂ ಬಹುಮಾನ ಕೊಡಲಿಲ್ಲ. ನೀನು ಫೋನಿನಲ್ಲಿ ನನ್ನ ನಂಬರಿಗೆ ಬಾಗಿಲು ಹಾಕಿ ಎಂಟು ತಿಂಗಳಾಯಿತು. ಅದಕ್ಕೇ ಈ ಕಾಗದ. ಹರಿಯುವುದಾದರೆ ಓದಿ ಹರಿ.

ನಾನು ಚೆನ್ನಾಗಿಲ್ಲ ಅಕ್ಕಾ. ಸುತ್ತಿ ಬಳಸಿ ಹೇಳುವಷ್ಟು ಹೊತ್ತಿಲ್ಲ. ಮೂರು ತಿಂಗಳ ಹಿಂದೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಸೋಪು, ಹೊಸ ಪೇಂಟು, ಒದ್ದೆ ಕಾಲುಚೀಲ, ನನ್ನ ಮೂಗಿಗೆ ಎಲ್ಲವೂ ಒಂದೇ. ಬಿಯರಿನಲ್ಲಿ ಕಹಿ, ಹುಳಿ, ಸಿಹಿ ನಾಲಿಗೆಗೆ ಸಿಗುತ್ತವೆ, ಅಷ್ಟೇ. ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕಿತ್ತಾ? ನೀನು ಕೇಳಿದ್ದರೆ, ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಳ್ಳುತ್ತಾರೇನೋ ಅಂತ ನಕ್ಕುಬಿಡುತ್ತಿದ್ದೆ. ನನಗೆ ನಗು ಬರುತ್ತಿಲ್ಲ. ಈ ಬಿಯರ್ ಕಾರ್ಖಾನೆಯ ಮಾಲೀಕರು ಕೆಲಸ ಕೊಟ್ಟಿದ್ದೇ ನನ್ನ ಮೂಗನ್ನು ನಂಬಿ. ಅದು ನನ್ನದಲ್ಲ, ನಿನ್ನದು ಅನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಇಲ್ಲಿ ಯಾರಿಗೂ ಹೇಳಿಲ್ಲ. ಹಾಗಾದರೆ ಹೇಗೆ ಸಂಭಾಳಿಸುತ್ತಿದ್ದಾನೆ ಈ ಬುರುಡೆ ಅಂತ ಕೇಳುತ್ತೀಯ. ಇಲ್ಲಿ ಟ್ಯಾಂಕ್ ತೊಳೆಯುವ ಹಿರಿಯರೊಬ್ಬರಿದ್ದಾರೆ. ಸದಾ ಹೆಗಲ ಮೇಲೆ ಸುರುಳಿ ಪೈಪು ಇರುವುದರಿಂದ ಎಲ್ಲರಿಗೂ ಪೈಪಣ್ಣ. ದಿನಾ ಬೆಳಿಗ್ಗೆ ಒಂದೊಂದು ಟ್ಯಾಂಕಿನಿಂದ ಅವರೇ ಗ್ಲಾಸಿಗೆ ಹಿಡಿಯುತ್ತಾರೆ, ಮೊದಲು ತಾವು ಮೂಸುತ್ತಾರೆ, ಆಮೇಲೆ ನನಗೆ ಕೊಡುತ್ತಾರೆ. ನಾನು ಗ್ಲಾಸನ್ನು ಮೂಗಿನ ಕೆಳಗೆ ಹಿಡಿದು ಅವರ ಮುಖ ಮೂಸುತ್ತೇನೆ. ಹುಬ್ಬು ಗಂಟಿಕ್ಕಿದರೆ "ಇನ್ನೆರಡು ದಿನ ಬಿಡಿ" ಅನ್ನುತ್ತೇನೆ. ಮೂಗು ಮುರಿದರೆ "ಚೆಲ್ಲಿ" ಅನ್ನುತ್ತೇನೆ. ಹುಬ್ಬು ಸಡಿಲವಾದರೆ "ಭೇಷ್". ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಮೂರು ತಿಂಗಳು ತಳ್ಳಿದೆ. ಒಂದು ತಪ್ಪೂ ಆಗಲಿಲ್ಲ.

ನಿನ್ನೆ ನಾಲ್ಕನೇ ಟ್ಯಾಂಕಿನ ಸರದಿ. ಶನಿವಾರ ಮಾಲೀಕರು ಹೊಸ ಬಿಯರ್ ಅಂಗಡಿ ತೆರೆಯುತ್ತಿದ್ದಾರೆ, ಇನ್ನೂರು ಜನ ಬರುತ್ತಾರೆ, ಅವರ ಗ್ಲಾಸಿಗೆ ಹೋಗುವುದು ಇದೇ. ಸ್ಪರ್ಧೆಯಲ್ಲಿ ನಮಗೆ ಮೊದಲ ಬಹುಮಾನ ಬಂದ ಅದೇ ಬಿಯರ್, ನೀನು ಕಿತ್ತಳೆ ಸಿಪ್ಪೆ ಹಾಕಿದ್ದು. ಪೈಪಣ್ಣ ಮೂಸಿದರು. ಮುಖದಲ್ಲಿ ಏನೂ ಇಲ್ಲ. ಗೋಡೆ. ಹಿಂದೆ ಮಾಲೀಕರು ನಿಂತಿದ್ದರು. ಏನು ಹೇಳಲಿ? "ಚೆನ್ನಾಗಿದೆ" ಅಂದುಬಿಟ್ಟೆ. ಆಗಿನಿಂದ ಅನ್ನ ಸೇರುತ್ತಿಲ್ಲ. ಮತ್ತೆ ಆರು ಸಲ ಹೋಗಿ ಗ್ಲಾಸಿಗೆ ಹಿಡಿದು ಮೂಸಿದೆ. ಮೂಗು ಒಳಗೆ ಅದ್ದಿಯೂ ನೋಡಿದೆ. ಬರೀ ತಣ್ಣಗೆ.

ಶನಿವಾರಗಳು ನೆನಪಿವೆಯಾ? ಎಂದೂ ಕುಡಿಯದ ಒಂದೇ ಒಂದು ಹೊಸ ಬಾಟಲಿ ತಂದು, ಹೆಸರು ಕಾಣದ ಹಾಗೆ ಚೀಟಿಯ ಮೇಲೆ ಕಾಗದ ಅಂಟಿಸಿ, ಅರ್ಧ ನಿನಗೆ ಅರ್ಧ ನನಗೆ. ನೀನು "ಮೊದಲು ಮೂಗು, ಆಮೇಲೆ ನಾಲಿಗೆ, ಕೊನೆಗೆ ಮಾತು" ಅನ್ನುತ್ತಿದ್ದೆ. ನಾನು ಯಾವಾಗಲೂ ಮಾತಿನಿಂದಲೇ ಶುರು ಮಾಡುತ್ತಿದ್ದೆ. ನೀನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ಕೆತ್ತಿದ ಪೆನ್ಸಿಲ್, ನೆಂದ ರಟ್ಟು, ಮಗುವಿನ ನೆತ್ತಿ. ಮೊದಲ ಸಲ ನಾವು ಸಕ್ಕರೆ ಹೆಚ್ಚು ಹಾಕಿ ಬಾಟಲಿಗಳು ಸಿಡಿದಾಗ ಕೆಳಗಿನ ಮನೆಯವರು ಮಂಚದಡಿ ಸೇರಿಕೊಂಡರಲ್ಲ, ಆ ದಿನ ನೀನು ಗಾಜು ಗುಡಿಸುತ್ತಲೇ ನೆಲ ಮೂಸಿ, "ಯೀಸ್ಟ್ ಚೆನ್ನಾಗಿ ಕೆಲಸ ಮಾಡಿದೆ ಕಣೋ" ಅಂದೆ. ಅಂಥವಳನ್ನು ಕೆಳಗೆ ಕೂರಿಸಿ, ಬಹುಮಾನದ ವೇದಿಕೆ ಹತ್ತಿ, ಮೈಕು ಹಿಡಿದು "ಇದು ಪೂರ್ತಿ ನನ್ನ ಕೈಯದು" ಅಂದೆ ನಾನು. ಅದು ಸಾಲದು ಅಂತ ಮನೆಗೆ ಬರುವ ಬಸ್ಸಿನಲ್ಲಿ, ಅಲ್ಲೇ ಸಿಕ್ಕ ಈ ಕೆಲಸದ ಜಾಗಕ್ಕೆ ವಾರಕ್ಕೊಮ್ಮೆ ಬಂದು ಗುಟ್ಟಾಗಿ ಮೂಸಿ ಹೋಗು ಅಂತ ಕೇಳಿದೆ. "ನಿನಗೆ ಬೇಕಾಗಿರೋದು ಅಕ್ಕ ಅಲ್ಲ ಕಣೋ, ಮೂಗು" ಅಂದು ಎರಡು ಸ್ಟಾಪು ಮುಂಚೆಯೇ ಇಳಿದುಹೋದೆ. ಆ ಮೊಣಕಾಲಿನಲ್ಲಿ.

ಈಗ ಅದನ್ನೇ ಮತ್ತೆ ಕೇಳುತ್ತಿದ್ದೇನೆ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಶುಕ್ರವಾರದೊಳಗೆ ಒಂದೇ ಒಂದು ಸಲ ಬಾ. ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೇನೆ. ನಾಲ್ಕನೇ ಟ್ಯಾಂಕು ಮೂಸಿ ಹೌದು ಅನ್ನು, ಅಲ್ಲ ಅನ್ನು, ಹೋಗಿಬಿಡು. ಈ ಕೆಲಸ ಹೋದರೆ ನನಗೆ ಬೇರೆ ಯಾವುದೂ ಬರುವುದಿಲ್ಲ. ಮೊನ್ನೆ ಪೆಟ್ಟಿಗೆ ತಳದಲ್ಲಿ ನಿನ್ನ ಹಳೆಯ ಏಪ್ರನ್ ಸಿಕ್ಕಿತು. ಮುಖಕ್ಕೆ ಒತ್ತಿಕೊಂಡೆ. ಏನೂ ಬರಲಿಲ್ಲ ಅಕ್ಕಾ. ಯಾರದೋ ಬಟ್ಟೆ ಹಿಡಿದ ಹಾಗಿತ್ತು. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಕಾಲು ಮುಟ್ಟುವಷ್ಟು ಹತ್ತಿರ ನೀನು ನನ್ನನ್ನು ಬಿಟ್ಟುಕೊಂಡರೆ ಸಾಕು.

ನಿನ್ನ ತಮ್ಮ,
ಬುರುಡೆ

ಮರೆತ ಮಾತು: ಲಕೋಟೆ ಅಂಟಿಸುವಾಗ ಪೈಪಣ್ಣ ಬಂದು ಎದುರಿಗೆ ಕೂತರು. "ನಿಮಗೆ ವಾಸನೆ ಬರಲ್ಲ ಅಂತ ಎರಡು ತಿಂಗಳಿಂದ ಗೊತ್ತು ಸಾರ್. ನಿಮಗೋಸ್ಕರಾನೇ ಮುಖ ಮಾಡ್ತಿದ್ದೆ. ನಿನ್ನೆ ಮಾಡಲಿಲ್ಲ. ನೀವೇ ಬಾಯಿ ಬಿಡ್ತೀರೇನೋ ಅಂತ ಕಾದೆ" ಅಂದರು. ನಾಲ್ಕನೆಯದರಲ್ಲಿ ಬಿಯರಿಗೆ ಬರಬಾರದ ಬೆಣ್ಣೆ ವಾಸನೆ ಇದೆಯಂತೆ. ಎರಡು ದಿನ ಬೆಚ್ಚಗಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ, ನಿನ್ನ ನೋಟ್‌ಬುಕ್ಕಿನಲ್ಲೂ ಹಾಗೇ ಇದೆ. ಅಲ್ಲಿಂದ ನೆಟ್ಟಗೆ ಮಾಲೀಕರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಮೂಗಿನ ವಿಷಯ ಹೇಳಿದೆ, ಆ ಬಿಯರ್ ನಿನ್ನದು ಅಂತಲೂ ಹೇಳಿದೆ. ಅವರು ನಾಳೆಯಿಂದ ಬಾಟಲಿ ತೊಳೆಯುವುದಕ್ಕೆ ಬಾ ಅಂದರು. ಅದಕ್ಕೆ ಮೂಗು ಬೇಡ. ಹಾಗಾಗಿ ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ನಿನ್ನ ಮೂಗು ಈಗ ನನಗೆ ಯಾವುದಕ್ಕೂ ಬೇಕಾಗಿಲ್ಲ. ಆದರೂ ಬಾ ಅಕ್ಕಾ. ಒಂದು ಹೊಸ ಬಾಟಲಿ ತಂದಿಟ್ಟಿರುತ್ತೇನೆ. ಏನು ವಾಸನೆ ಅಂತ ಕೇಳುವುದಿಲ್ಲ. ಅರ್ಧ ನಿನ್ನದು.