ಗೊರಬಲು ಅಂದ್ರೆ ಬಲಕ್ಕೆ

ಪಟಿಯಾಲ, ಗುರುವಾರ

ದೊಡ್ಡಮ್ಮಾ, ನಿಟ್ಟೂರಲ್ಲಿ ಎಲ್ಲ ಹುಷಾರಾ?

ನಮ್ಮ ಹೊಸನಗರ ಕಾಲೇಜು ಟೀಮು ಅಮೆರಿಕನ್ ಫುಟ್‌ಬಾಲಲ್ಲಿ ಈ ವರ್ಷ ಒಂದು ಮ್ಯಾಚೂ ಸೋತಿಲ್ಲ. ಗುಟ್ಟೇನಂದ್ರೆ, ಮೈದಾನದಲ್ಲಿ ಮಾರೋ ಅಡಿಕೆ ಬಗೆಗಳ ಹೆಸರು ಕೂಗ್ತೀವಿ. ಬೆಟ್ಟೆ ಅಂದ್ರೆ ಎಡಕ್ಕೆ ಓಡು, ಗೊರಬಲು ಅಂದ್ರೆ ಬಲಕ್ಕೆ. ಇಲ್ಲಿ ಯಾರಿಗೂ ಎಂತದೂ ತಿಳೀತಿರಲಿಲ್ಲ.

ನಾಳೆ ಬೆಂಗಳೂರಿನವರ ಜೊತೆ ಫೈನಲ್. ಇವತ್ತು ಪ್ರಾಕ್ಟೀಸಲ್ಲಿ "ಗೊರಬಲು" ಅಂತ ಕೂಗಿದ್ದೇ, ಬೇಲಿಯಾಚೆಯಿಂದ ಅವರ ಟೀಮಿನವಳೊಬ್ಬಳು "ಈಗೆಷ್ಟು ರೇಟು ಮಾರಾಯ್ತಿ?" ಅಂದ್ಲು. ತೀರ್ಥಹಳ್ಳಿಯವಳಂತೆ! ನಮ್ಮ ಗುಟ್ಟೆಲ್ಲ ಬಯಲಾಯ್ತು.

ಈಗ ಮನೆಯವರ ಹೆಸರಿಟ್ಟಿದ್ದೀವಿ. ತಪ್ಪು ತಿಳೀಬೇಡಿ, ನಿಮ್ಮ ಹೆಸರೂ ಇದೆ; "ಕೆರಿಯಮ್ಮ" ಅಂದ್ರೆ ನಾನು ಚೆಂಡು ಹಿಡಿದು ಮುಂದಕ್ಕೆ ನುಗ್ಗಬೇಕು. ಆದ್ರೆ ಕೆರಿಯಮ್ಮ ಬಂದ್ರು ಅಂದ್ರೆ ಚಿಕ್ಕಂದಿನಿಂದ ಹಿಂದಕ್ಕೇ ಓಡಿ ಅಭ್ಯಾಸ ನಂಗೆ!

ಮಂಡಿ ಊದಿದೆ, ಅಮ್ಮಂಗೆ ಹೇಳ್ಬೇಡಿ. ನಾಳೆ ಒಂದಿನ ನಂಗೆ ನಿಮ್ಮ ಹೆದರಿಕೆ ಮರ್ತುಹೋಗ್ಲಿ ಅಂತ ದೇವರಿಗೆ ನೀವೇ ಕೈಮುಗೀರಿ.

ಸುಪ್ರಿಯಾ