ನಾರ್ಮಲ್ ಎಂದವಳು ನಾನೇ

ಅತ್ತೆಮ್ಮ,

ನಿಮ್ಮನ್ನು ಮೊದಲ ಸಲ ನನ್ನ ಆಸ್ಪತ್ರೆಗೆ ಕರೆತಂದ ದಿನ ನೆನಪಿದೆಯಾ? ಪುರಸೈವಾಕ್ಕಂನ ನಮ್ಮ ಬಟ್ಟೆ ಅಂಗಡಿಯಲ್ಲಿ ಆಡಿ ತಿಂಗಳ ರಿಯಾಯಿತಿ ಮಾರಾಟದ ನೂಕುನುಗ್ಗಲು. ಸೀರೆ ಮಡಚುತ್ತಿದ್ದ ನೀವು ಅಲ್ಲೇ ಕುಸಿದು ಕೂತು, "ಎದೆ ಹಿಡ್ಕಂಡಂಗಾಗ್ತೈತೆ ಗಿರಿಜಾ, ನಾನು ಉಳಿಯಲ್ಲ ಕಣಮ್ಮ" ಅಂದಿರಿ. ಪಕ್ಕದ ಬೀದಿಯಲ್ಲೇ ಆಸ್ಪತ್ರೆ. ಅಲ್ಲಿ ಇಸಿಜಿ ತೆಗೆಯುವವಳೇ ನಾನು. ವೈರು ಅಂಟಿಸಿದ್ದೂ ನಾನೇ, ಪಟ್ಟಿ ಹರಿದು ನೋಡಿದ್ದೂ ನಾನೇ. "ನಾರ್ಮಲ್ ಅತ್ತೆ, ಏನೂ ಇಲ್ಲ, ಏಳಿ" ಅಂದೆ.

ಮೂರನೇ ಸಲ ಬಂದಾಗಿನ ಮಾತನ್ನು ನಿಮಗೆ ಹೇಳಿಯೇ ಇಲ್ಲ. ಆವತ್ತು ಡಾಕ್ಟರು ಒಂದು ಚೀಟಿ ಕೊಟ್ಟರು, ಮಾನಸಿಕ ತಜ್ಞರಿಗೆ ತೋರಿಸಿ ಎಂದು. ನೀವು "ಏನು ಬರ್ದವ್ರಮ್ಮ?" ಎಂದು ಕೇಳಿದಿರಿ. "ಗ್ಯಾಸಿಗೆ ಮಾತ್ರೆ" ಅಂದು ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಮನೆಯಲ್ಲಿ ಹೆಣ್ಣು ಮಗುವಿದೆ, ನಾಳೆ ಜನ ಏನಂದಾರು ಎಂದು... ಆಮೇಲೆ ಎಷ್ಟು ವರ್ಷ ಹಾಗೇ ಹೆದರುತ್ತಾ ಬದುಕಿದಿರಿ? ತುಮಕೂರಿನ ಮದುವೆಗೆ ಹೊರಟು ಸೆಂಟ್ರಲ್ ಸ್ಟೇಷನ್ನಿನಿಂದಲೇ ವಾಪಸು ಬಂದಿರಲ್ಲ, ಆವತ್ತು "ನಾಟಕ" ಎಂದವಳೂ ನಾನೇ. ಕೊನೆಗೆ ನಿಮ್ಮನ್ನು ಕರೆದೊಯ್ದದ್ದು ಕಿಡ್ನಿ ಕಾಯಿಲೆ. ಎದೆ ಕಡೆಯ ದಿನದವರೆಗೂ ಗಟ್ಟಿಯಾಗಿತ್ತು.

ಎರಡು ತಿಂಗಳ ಹಿಂದಿನ ಒಂದು ಸೋಮವಾರ. ಎಂದಿನಂತೆ ಕೆಲಸಕ್ಕೆ ಹೊರಟು ತಾಂಬರಂನಲ್ಲಿ ಎಲೆಕ್ಟ್ರಿಕ್ ಟ್ರೇನು ಹತ್ತಿದೆ. ಗಿಂಡಿ ಸ್ಟೇಷನ್ನು ದಾಟುತ್ತಿದ್ದಂತೆ ಉಸಿರು ಒಳಗೆ ಹೋಗಲೇ ಇಲ್ಲ. ಬೆರಳು ಮರಗಟ್ಟಿತು. ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಸುತ್ತಲಿನವರಿಗೂ ಕೇಳುತ್ತಿದೆ ಅನ್ನಿಸಿತು. ಹೂಬುಟ್ಟಿ ಹಿಡಿದ ಹೆಂಗಸೊಬ್ಬಳು ಏನಾಯಿತೆಂದು ಕೇಳುತ್ತಾ, "ಎನ್ನಮ್ಮಾ ಆಚ್ಚು? ತಣ್ಣಿ ಕುಡಿ" ಎಂದು ತನ್ನ ಬಾಟಲಿ ಬಾಯಿಗಿಟ್ಟಳು. ಎಗ್ಮೋರಿನಲ್ಲಿಳಿದು ಅವಳೇ ಆಟೋ ಹತ್ತಿಸಿದಳು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಅತ್ತೆಮ್ಮ.

ಆಸ್ಪತ್ರೆಯಲ್ಲಿ ನನ್ನದೇ ಇಸಿಜಿ ಕೋಣೆ, ನೀವು ಮಲಗುತ್ತಿದ್ದ ಅದೇ ಹಾಸಿಗೆ. ನನ್ನ ಜೊತೆ ಕೆಲಸ ಮಾಡುವ ಸೆಲ್ವಿ ಪಟ್ಟಿ ತೋರಿಸಿದಳು. ನಾರ್ಮಲ್! "ಮಷೀನು ಕೆಟ್ಟಿದೆ, ಇನ್ನೊಂದು ಸಲ ತೆಗಿ" ಎಂದು ಕಿರುಚಿದೆ. ಮೂರು ಸಲ ತೆಗೆದಳು. ರಕ್ತಪರೀಕ್ಷೆಯಲ್ಲೂ ಏನಿಲ್ಲ. ಡಾಕ್ಟರು ಮಾನಸಿಕ ತಜ್ಞರ ಹೆಸರೆತ್ತಿದಾಗ ನನ್ನ ಬಾಯಿಂದ ಬಂದದ್ದೇನು ಗೊತ್ತಾ? "ನನಗೇನು ಹುಚ್ಚಾ?"

ಹತ್ತು ದಿನ ಕಳೆದಿರಲಿಲ್ಲ, ಅಂಗಡಿ ಬೀದಿಯಲ್ಲಿ ಮತ್ತೆ ಬಂತು. ಆಗ ಆ ಮಾನಸಿಕ ತಜ್ಞರ ಹತ್ತಿರ ಹೋದೆ. ಆ ಡಾಕ್ಟರಮ್ಮ ಅವಸರಪಡಿಸದೆ ಎಲ್ಲ ಕೇಳಿಸಿಕೊಂಡರು. ಇದು ನಟನೆಯಲ್ಲ, ಅಪಾಯವೇನೂ ಇಲ್ಲದಿದ್ದರೂ ದೇಹ ನಿಜವಾಗಿಯೇ ಹೆದರುತ್ತದೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?" ಎಂದು ಕೇಳಿದರು. "ಇಲ್ಲ" ಎಂದುಬಿಟ್ಟೆ. ಮೆಟ್ಟಿಲಿಳಿಯುವಾಗ ನಿಮ್ಮ ಮುಖ ಕಣ್ಣೆದುರು ಬಂತು. ಅಲ್ಲೇ ಗೋಡೆ ಹಿಡಿದು ಕೂತೆ. ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದಿರಿ, ಹೇಳುತ್ತಲೇ ಇದ್ದಿರಿ, ನಾನು...

ತಿರುಗಿ ಹತ್ತಿಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಈಗ ದಿನಕ್ಕೊಂದು ಮಾತ್ರೆ, ವಾರಕ್ಕೊಮ್ಮೆ ಕೌನ್ಸೆಲಿಂಗ್. ಎದೆ ಬಡಿದುಕೊಂಡಾಗ ಓಡಿಹೋಗದೆ ಕೂರುವುದನ್ನು ಕಲಿಸುತ್ತಿದ್ದಾರೆ. ಮೊದಲ ವಾರ ಟ್ರೇನಿನಲ್ಲಿ ಒಂದೇ ಸ್ಟೇಷನ್ನು ಹೋದೆ. ಈಗ ಎಗ್ಮೋರಿನವರೆಗೂ ಹೋಗುತ್ತೇನೆ. ಬೆವರುತ್ತದೆ, ಆದರೂ ಹೋಗುತ್ತೇನೆ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ನಿಮ್ಮ ಮಗನಿಗೆ ಇದನ್ನೆಲ್ಲ ಹೇಳಿದೆ, ಚೀಟಿಯ ವಿಷಯವನ್ನೂ. ಬಾಗಿಲಲ್ಲಿ ನಿಂತಿದ್ದಾಳೆಂದು ನಮಗೆ ಗೊತ್ತೇ ಇರದ ನಿಮ್ಮ ಮೊಮ್ಮಗಳು ಮೆಲ್ಲಗೆ, "ಅಮ್ಮಾ, ಎನಕ್ಕುಂ ಅಪ್ಪಡಿದಾನ್ ವರುದು" ಅಂದಳು. ನನಗೂ ಹಾಗೇ ಬರುತ್ತೆ ಅಂತ, ಅತ್ತೆಮ್ಮ! ಶಾಲೆಯ ಗೇಟಿನ ಹತ್ತಿರ, ಒಂದು ವರ್ಷದಿಂದ. ಹದಿನಾಲ್ಕು ವರ್ಷದ ಮಗು. ಒಂದೇ ಮನೆಯಲ್ಲಿದ್ದೂ ನನಗೆ ಕಾಣಲಿಲ್ಲ.

"ಯಾಕೆ ಹೇಳ್ಲಿಲ್ಲ ಕಂದಾ?" ಅಂದೆ.

"ಅಜ್ಜಿ ಹೇಳಿದ್ರಲ್ಲಮ್ಮ, ಯಾರು ನಂಬಿದ್ರಿ?" ಅಂದಳು. ಇಷ್ಟನ್ನು ಮಾತ್ರ ಕನ್ನಡದಲ್ಲೇ ಹೇಳಿದಳು.

ನಾಳೆ ಹನ್ನೊಂದಕ್ಕೆ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ಯುತ್ತಿದ್ದೇವೆ. ನಿಮ್ಮ ಮಗ ಅಂಗಡಿ ತೆರೆಯುವುದಿಲ್ಲ, ಜೊತೆಗೆ ಬರುತ್ತಾರೆ.

ನಿಮ್ಮ ಸೊಸೆ,
ಗಿರಿಜಾ